ಟೋಕಿಯೊ ನೋಡಲು ಮೂರು ದಿನ, ಮೂರು ದಿಕ್ಕು

ಟೋಕಿಯೊಗೆ ಹೊರಟವರು ಮೊದಲು ಮಾಡುವ ಕೆಲಸ ನೋಡಲೇಬೇಕಾದ ಜಾಗಗಳ ಪಟ್ಟಿ. ಸ್ಕೈಟ್ರೀ, ಶಿಬುಯಾ ಕ್ರಾಸಿಂಗ್, ಅಸಕುಸ ದೇವಸ್ಥಾನ, ಮೇಜಿ ಮಂದಿರ, ಟೋಕಿಯೊ ಟವರ್ ಎಂದು ಅದು ಬೆಳೆಯುತ್ತಲೇ ಹೋಗುತ್ತದೆ. ಬೆಳಿಗ್ಗೆ ಪೂರ್ವದ ಅಸಕುಸ, ಮಧ್ಯಾಹ್ನ ಪಶ್ಚಿಮದ ಶಿಬುಯಾ, ಸಂಜೆ ಮತ್ತೆ ಪೂರ್ವಕ್ಕೆ ಬಂದು ಸ್ಕೈಟ್ರೀ ಎಂದುಕೊಂಡರೆ ದಿನದ ದೊಡ್ಡ ಪಾಲು ಸ್ಟೇಷನ್ನಿನ ಮೆಟ್ಟಿಲು ಹತ್ತಿ ಇಳಿಯುವುದರಲ್ಲೇ ಮುಗಿಯುತ್ತದೆ. ಪಟ್ಟಿಯನ್ನು ಬದಿಗಿಟ್ಟು ದಿಕ್ಕು ಹಿಡಿಯಿರಿ. ಒಂದು ದಿನ ಪೂರ್ವ, ಒಂದು ದಿನ ನಗರದ ನಡುಭಾಗ, ಒಂದು ದಿನ ಪಶ್ಚಿಮ. ದಿಕ್ಕಿನೊಳಗಿನ ಜಾಗಗಳನ್ನು ಆದಷ್ಟೂ ನಡೆದೇ ನೋಡಿ.

ಹೊರಡುವ ಮುನ್ನ

ಬೆಂಗಳೂರಿನಿಂದ ಟೋಕಿಯೊದ ನರಿಟಾಗೆ ಜಪಾನ್ ಏರ್‌ಲೈನ್ಸ್‌ನ ನೇರ ವಿಮಾನವಿದೆ. ಭಾರತೀಯರಿಗೆ ವೀಸಾ ಬೇಕೇ ಬೇಕು. ಈಗ ಪ್ರವಾಸಿಗರಿಗೆ ಸಿಗುವುದು ಇ-ವೀಸಾ. ಅದನ್ನು ಇಂಟರ್ನೆಟ್ ಸಂಪರ್ಕವಿರುವ ಫೋನಿನಲ್ಲೇ ತೆರೆದು ತೋರಿಸಬೇಕು. ಪ್ರಿಂಟ್, ಸ್ಕ್ರೀನ್‌ಶಾಟ್ ನಡೆಯುವುದಿಲ್ಲ. ಹಾಗಾಗಿ ಜಪಾನಿನಲ್ಲಿ ಡೇಟಾ ಸಿಗುವ ಇ-ಸಿಮ್ ಅಥವಾ ರೋಮಿಂಗ್ ವ್ಯವಸ್ಥೆಯನ್ನು ಇಲ್ಲಿಂದಲೇ ಮಾಡಿಕೊಂಡು ಹೊರಡಿ.

ಮಾರ್ಚ್ ಕೊನೆಯಿಂದ ಏಪ್ರಿಲ್ ಮೊದಲ ವಾರದವರೆಗೆ ಚೆರ್ರಿ ಹೂವಿನ ಕಾಲ. ಆಗ ಹೋಟೆಲ್ ದರವೂ ಏರುತ್ತದೆ, ಜನವೂ ಕಿಕ್ಕಿರಿಯುತ್ತಾರೆ. ಏಪ್ರಿಲ್ ಕೊನೆ ಮತ್ತು ಮೇ ಆರಂಭದಲ್ಲಿ ಬರುವ 'ಗೋಲ್ಡನ್ ವೀಕ್' ರಜೆಯಲ್ಲಿ ಇಡೀ ಜಪಾನ್ ಪ್ರವಾಸದಲ್ಲಿರುತ್ತದೆ, ಅದನ್ನು ತಪ್ಪಿಸಿ. ಜೂನ್ ಮಳೆಗೆ, ಜುಲೈ-ಆಗಸ್ಟ್ ಸೆಕೆಗೆ. ನನ್ನನ್ನು ಕೇಳಿದರೆ ನವೆಂಬರ್ ಕೊನೆಯೇ ಸರಿ: ಗಿಂಕೊ ಮರಗಳು ಹಳದಿಯಾಗಿರುತ್ತವೆ, ನಡೆದಾಡಲು ಹಿತವಾದ ಚಳಿ ಇರುತ್ತದೆ.

ಊಟದ ಚಿಂತೆಯಿಂದ ಚೀಲ ತುಂಬಿಕೊಳ್ಳುವವರು ಗಮನಿಸಿ. ಮಾಂಸದ ಯಾವುದೇ ತಿನಿಸು, ಹಣ್ಣು, ಹಸಿ ತರಕಾರಿಗಳನ್ನು ಹಾಗೆಯೇ ಒಯ್ಯುವಂತಿಲ್ಲ. ಹಸಿ ಕರಿಬೇವಿಗೂ ಪ್ರವೇಶವಿಲ್ಲ. ಅವಲಕ್ಕಿ, ಚಟ್ನಿಪುಡಿ, ಉಪ್ಪಿಟ್ಟಿನ ಸಿದ್ಧ ಪೊಟ್ಟಣಗಳನ್ನು ಇಟ್ಟುಕೊಳ್ಳಿ.

ಇಳಿದ ಮೇಲೆ

ನರಿಟಾ ನಗರದಿಂದ ಸುಮಾರು 60 ಕಿ.ಮೀ. ದೂರ. ಟ್ಯಾಕ್ಸಿಯ ಯೋಚನೆಯೇ ಬೇಡ. ಕೈಸೆಯ್ ಸ್ಕೈಲೈನರ್ ರೈಲು ಮುಕ್ಕಾಲು ಗಂಟೆಯೊಳಗೆ ಉಯೆನೊಗೆ ತಲುಪಿಸುತ್ತದೆ. ವಿಮಾನ ನಿಲ್ದಾಣದಲ್ಲೇ ಒಂದು 'ಸುಯಿಕಾ' ಅಥವಾ 'ಪಾಸ್ಮೊ' ಕಾರ್ಡ್ ಕೊಳ್ಳಿ. ದುಡ್ಡು ತುಂಬಿಸಿ ಗೇಟಿಗೆ ತಾಗಿಸಿದರೆ ಸಾಕು. ರೈಲು, ಮೆಟ್ರೊ, ಬಸ್ಸು ಮಾತ್ರವಲ್ಲ, ಕಿರಾಣಿ ಅಂಗಡಿಯಲ್ಲೂ ನಡೆಯುತ್ತದೆ. ಪ್ರವಾಸಿಗರಿಗೆಂದೇ 24, 48, 72 ಗಂಟೆಗಳ ಸಬ್‌ವೇ ಟಿಕೆಟ್ ಕೂಡ ಇದೆ. ಅದು ಟೋಕಿಯೊ ಮೆಟ್ರೊ ಮತ್ತು ತೊಯೆಯ್ ಎಂಬ ಎರಡು ಸಬ್‌ವೇ ಜಾಲಗಳು ಸೇರಿ 13 ಮಾರ್ಗಗಳಿಗೆ ಅನ್ವಯ, ಜೆಆರ್ (ಜಪಾನ್ ರೈಲ್ವೇಸ್) ರೈಲುಗಳಿಗೆ ಅಲ್ಲ. ಲೆಕ್ಕ ಶುರುವಾಗುವುದು ಮೊದಲ ಸಲ ಗೇಟಿಗೆ ಹಾಕಿದ ಗಳಿಗೆಯಿಂದ. 24 ಗಂಟೆಯದನ್ನು ಮಧ್ಯಾಹ್ನ ಬಳಸಲು ಶುರುಮಾಡಿದರೆ ಮರುದಿನ ಮಧ್ಯಾಹ್ನದವರೆಗೂ ಬರುತ್ತದೆ.

ನಕ್ಷೆಯಲ್ಲಿ ನೆನಪಿಡಬೇಕಾದ್ದು ಒಂದೇ ಗೆರೆ: ಹಸಿರು ಬಣ್ಣದ ಯಮನೋತೆ. ಇದು ನಗರದ ನಡುಭಾಗವನ್ನು ಸುತ್ತುವರಿದ ಜೆಆರ್ ರೈಲುಮಾರ್ಗ, 34.5 ಕಿ.ಮೀ., 30 ಸ್ಟೇಷನ್, ಒಂದು ಸುತ್ತಿಗೆ ಸುಮಾರು ಒಂದು ಗಂಟೆ. ಉಯೆನೊ ಪೂರ್ವಕ್ಕೆ, ಶಿಂಜುಕು, ಶಿಬುಯಾ ಪಶ್ಚಿಮಕ್ಕೆ. ಹೋಟೆಲ್ ಈ ಗೆರೆಯ ಮೇಲೆಯೇ ಇರಲಿ. ಮೊದಲ ಸಲ ಹೋಗುವವರಿಗೆ ಉಯೆನೊ ಅನುಕೂಲ, ನರಿಟಾದ ರೈಲು ನೇರ ಅಲ್ಲಿಗೇ ಬರುತ್ತದೆ.

ಮೊದಲ ದಿನ: ಪೂರ್ವ

ಭಾರತಕ್ಕಿಂತ ಜಪಾನ್ ಮೂರೂವರೆ ಗಂಟೆ ಮುಂದೆ. ಮೊದಲ ಬೆಳಿಗ್ಗೆ ಏಳುವುದು ಕಷ್ಟ, ಆದರೂ ಏಳಿ. ಅಸಕುಸದ ಸೆನ್ಸೊಜಿ ದೇವಸ್ಥಾನದ ಮುಖ್ಯ ಮಂದಿರ ಬೇಸಿಗೆಯಲ್ಲಿ ಆರಕ್ಕೆ, ಚಳಿಗಾಲದಲ್ಲಿ ಆರೂವರೆಗೆ ತೆರೆಯುತ್ತದೆ. ಪ್ರವೇಶ ಶುಲ್ಕವಿಲ್ಲ. ಹತ್ತು ಗಂಟೆಯ ನಂತರ ಅಲ್ಲಿ ಕಾಣುವುದು ಬೇರೆಯವರ ಬೆನ್ನು ಮಾತ್ರ.

ಸುಮಿದಾ ನದಿಯಲ್ಲಿ ಮೀನು ಹಿಡಿಯುತ್ತಿದ್ದ ಅಣ್ಣತಮ್ಮಂದಿರ ಬಲೆಗೆ ಕ್ರಿ.ಶ. 628ರಲ್ಲಿ ಕನ್ನೊನ್ ಮೂರ್ತಿ ಸಿಕ್ಕಿತೆಂಬುದು ಸ್ಥಳಪುರಾಣ. ಕನ್ನೊನ್ ಎಂದರೆ ನಮ್ಮ ಅವಲೋಕಿತೇಶ್ವರ. ಆ ಮೂರ್ತಿಯನ್ನು ಯಾರಿಗೂ ತೋರಿಸುವುದಿಲ್ಲ. ಕಾಮಿನಾರಿಮೊನ್ ಹೆಬ್ಬಾಗಿಲಲ್ಲಿ ತೂಗುವ ಕೆಂಪು ಲಾಂದ್ರ 3.9 ಮೀಟರ್ ಎತ್ತರ, ಸುಮಾರು 700 ಕಿಲೊ ತೂಕ. ಪ್ಯಾನಾಸೋನಿಕ್ ಸ್ಥಾಪಕ ಮತ್ಸುಶಿತಾ ಕೊನೊಸುಕೆ ಕಾಯಿಲೆಯಿಂದ ಚೇತರಿಸಿಕೊಂಡದ್ದಕ್ಕೆ ಹರಕೆಯಾಗಿ 1960ರಲ್ಲಿ ಈ ಬಾಗಿಲನ್ನು ಕಟ್ಟಿಸಿಕೊಟ್ಟರು. ಲಾಂದ್ರದ ಅಡಿಗೆ ಹೋಗಿ ತಲೆಯೆತ್ತಿ ನೋಡಿ, ತಳದಲ್ಲಿ ಕೆತ್ತಿದ ಡ್ರ್ಯಾಗನ್ ಇದೆ. ಫೋಟೊ ತೆಗೆಯುವ ಆತುರದಲ್ಲಿ ಬಹಳ ಜನ ಇದನ್ನು ನೋಡುವುದೇ ಇಲ್ಲ. ಇಲ್ಲಿ ಕಾಣುವ ಕಟ್ಟಡಗಳು ಹೆಚ್ಚಿನವು ಹಳೆಯವಲ್ಲ. 1945ರ ಬಾಂಬ್ ದಾಳಿಯಲ್ಲಿ ಮುಖ್ಯ ಮಂದಿರ ಸುಟ್ಟುಹೋಯಿತು, ಈಗಿನದನ್ನು 1958ರಲ್ಲಿ ಜನರ ದೇಣಿಗೆಯಿಂದ ಮತ್ತೆ ಕಟ್ಟಿದರು.

ಒಳಗೆ ನೂರು ಯೆನ್ ಹಾಕಿ ಶಕುನದ ಚೀಟಿ ತೆಗೆಯಿರಿ. ತಗಡಿನ ಆರುಮೂಲೆ ಡಬ್ಬಿಯನ್ನು ಗಲಗಲ ಅಲ್ಲಾಡಿಸಿ ತಲೆಕೆಳಗು ಮಾಡಿದರೆ ಸಣ್ಣ ತೂತಿನಿಂದ ತೆಳ್ಳನೆಯ ಕಡ್ಡಿಯೊಂದು ಹೊರಬರುತ್ತದೆ. ಅದರ ಮೇಲಿನ ಸಂಖ್ಯೆ ಜಪಾನಿ ಲಿಪಿಯಲ್ಲಿರುತ್ತದೆ, ಓದಲು ಬರದಿದ್ದರೂ ಆಕಾರ ಹೊಂದಿಸಿ ಗೋಡೆಯ ಪುಟ್ಟ ಡ್ರಾಯರುಗಳಲ್ಲಿ ಅದೇ ಸಂಖ್ಯೆಯದನ್ನು ಎಳೆಯಬಹುದು. ಚೀಟಿಯಲ್ಲಿ ಇಂಗ್ಲಿಷ್ ಅರ್ಥವೂ ಇದೆ. ಸೆನ್ಸೊಜಿಯಲ್ಲಿ ಅಶುಭ ಚೀಟಿಗಳು ಧಾರಾಳವಾಗಿಯೇ ಬರುತ್ತವೆ. ಬಂದರೆ ಪಕ್ಕದ ಕಂಬಿಗೆ ಮಡಚಿ ಕಟ್ಟಿ ಮುಂದೆ ನಡೆಯಿರಿ, ಅಲ್ಲಿಯವರು ಮಾಡುವುದೂ ಅದನ್ನೇ.

ಅಲ್ಲಿಂದ ಹತ್ತು ನಿಮಿಷ ನಡೆದರೆ ಪ್ರವಾಸಿಗರು ಅಷ್ಟಾಗಿ ಸುಳಿಯದ ಮತ್ಸುಚಿಯಾಮ ಶೋದೆನ್. ಸಣ್ಣ ದಿಬ್ಬದ ಮೇಲಿನ ಈ ಗುಡಿಯ ದೇವರು ಕಾಂಗಿತೆನ್, ಬೌದ್ಧಧರ್ಮದ ಜೊತೆ ಜಪಾನಿಗೆ ಹೋದ ನಮ್ಮ ಗಣಪತಿ. ಇಲ್ಲಿ ಅವನಿಗೆ ಒಪ್ಪಿಸುವುದು ಮೂಲಂಗಿ. ದಪ್ಪನೆಯ ಬಿಳಿ ಮೂಲಂಗಿಯನ್ನು ಗುಡಿಯಲ್ಲೇ ಕೊಂಡು ಅರ್ಪಿಸಬಹುದು. ಮೆಟ್ಟಿಲು, ಕಂಬ, ಬಾಗಿಲುಗಳಲ್ಲೆಲ್ಲ ಜೋಡಿ ಮೂಲಂಗಿಯ ಮತ್ತು ಹಣದ ಚೀಲದ ಕೆತ್ತನೆಗಳಿವೆ. ಕನ್ನಡದ ಪ್ರವಾಸಿಗರು ತಪ್ಪಿಸಿಕೊಳ್ಳಬಾರದ ಜಾಗವಿದು.

ಮರಳಿ ಬಂದರೆ, ಕಾಮಿನಾರಿಮೊನ್ ಹೆಬ್ಬಾಗಿಲ ಎದುರಿನ ಪ್ರವಾಸಿ ಮಾಹಿತಿ ಕೇಂದ್ರದ ಎಂಟನೇ ಮಹಡಿಯ ತಾರಸಿಗೆ ಪುಕ್ಕಟೆ ಹೋಗಬಹುದು. ಇಡೀ ದೇವಸ್ಥಾನದ ಬೀದಿ ಮೇಲಿನಿಂದ ಕಾಣುತ್ತದೆ, ಆಚೆ 634 ಮೀಟರಿನ ಸ್ಕೈಟ್ರೀ ಕೂಡ. ಗೋಪುರ ಏರಲೇಬೇಕೆಂದರೆ 350 ಮೀಟರಿನ ಅಟ್ಟ ಸಾಕು, 450ರದ್ದಕ್ಕೆ ಹೆಚ್ಚು ದುಡ್ಡು ಕೊಡುವ ಅಗತ್ಯ ನನಗೆ ಕಂಡಿಲ್ಲ.

ಮಧ್ಯಾಹ್ನ ಗಿಂಜಾ ಲೈನ್ ಹಿಡಿದು ಮೂರನೇ ಸ್ಟೇಷನ್ ಉಯೆನೊದಲ್ಲಿ ಇಳಿಯಿರಿ. ಈ ತುಣುಕೇ 1927ರಲ್ಲಿ ಶುರುವಾದ ಜಪಾನಿನ ಮೊದಲ ಸಬ್‌ವೇ. ಉಯೆನೊ ಉದ್ಯಾನದ ಶಿನೊಬಾಜು ಕೊಳದ ನಡುವೆ ಬೆಂಜೈತೆನ್ ಗುಡಿ ಇದೆ. ಬಿವಾ ಎಂಬ ತಂತಿವಾದ್ಯ ಹಿಡಿಯುವ ಈ ದೇವಿ ಸರಸ್ವತಿಯೇ. ಬೇಸಿಗೆಯಲ್ಲಿ ಕೊಳದ ತುಂಬ ತಾವರೆ. ಪಕ್ಕದಲ್ಲೇ ವಾಸ್ತುಶಿಲ್ಪಿ ಲ ಕಾರ್ಬುಸಿಯೆ ವಿನ್ಯಾಸದ ಪಾಶ್ಚಾತ್ಯ ಕಲಾ ಮ್ಯೂಸಿಯಂ (1959). ಅವರದೇ ವಿನ್ಯಾಸದ ಚಂಡೀಗಢದ ಕ್ಯಾಪಿಟಲ್ ಕಟ್ಟಡಗಳ ಜೊತೆಯಲ್ಲೇ 2016ರಲ್ಲಿ ಇದೂ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಅಂಗಳದಲ್ಲಿರುವ ರೋದಾನ ಶಿಲ್ಪಗಳನ್ನು ಟಿಕೆಟ್ ಇಲ್ಲದೆ ನೋಡಬಹುದು. ಒಂದೇ ಮ್ಯೂಸಿಯಂಗೆ ಸಮಯವಿದ್ದರೆ ಇದೇ ಉದ್ಯಾನದಲ್ಲಿರುವ 1872ರ ಟೋಕಿಯೊ ನ್ಯಾಷನಲ್ ಮ್ಯೂಸಿಯಂ ಆರಿಸಿಕೊಳ್ಳಿ.

ಎರಡನೇ ದಿನ: ನಡುಭಾಗ

ಟೋಕಿಯೊ ಸ್ಟೇಷನ್ನಿನ 1914ರ ಕೆಂಪು ಇಟ್ಟಿಗೆಯ ಕಟ್ಟಡ ನೋಡಿ, ಗುಮ್ಮಟದ ಕೆಳಗೆ ಒಂದು ನಿಮಿಷ ನಿಂತು ಅರಮನೆಯತ್ತ ನಡೆಯಿರಿ. ಚಕ್ರವರ್ತಿಯ ನಿವಾಸ ಕಾಣಿಸುವುದಿಲ್ಲ. ನೋಡಬೇಕಾದ್ದು ಪೂರ್ವದ ತೋಟ, ಉಚಿತ. ಹಿಂದೆ ದೇಶವಾಳಿದ ಸೇನಾಧಿಪತಿಗಳಾದ ಶೋಗನ್‌ಗಳ ಎದೊ ಕೋಟೆ ಇದ್ದದ್ದು ಇಲ್ಲೇ. 1657ರ ಮಹಾ ಬೆಂಕಿಯಲ್ಲಿ ಸುಟ್ಟ ಕೋಟೆಗೋಪುರವನ್ನು ಮತ್ತೆ ಕಟ್ಟಲಿಲ್ಲ, ಅದರ ಕಲ್ಲಿನ ಬುನಾದಿಯನ್ನು ಹತ್ತಬಹುದು.

ಗಿಂಜಾ ಅಂಗಡಿಬೀದಿ, ತ್ಸುಕಿಜಿಯ ಹೊರ ಮಾರುಕಟ್ಟೆ ಮಧ್ಯಾಹ್ನದೊಳಗೆ ಮುಗಿಯುತ್ತವೆ. ತ್ಸುಕಿಜಿಯಲ್ಲಿ ನಡೆಯುತ್ತಿದ್ದ ಮೀನಿನ ಹರಾಜು 2018ರಲ್ಲೇ ತೊಯೊಸುಗೆ ಹೋಗಿದೆ. ಸಂಜೆಗೆ ಜೊಜೊಜಿ ದೇವಸ್ಥಾನ, ಅದರ ಹಿಂದೆಯೇ 333 ಮೀಟರಿನ ಟೋಕಿಯೊ ಟವರ್ (1958). ದೇವಸ್ಥಾನದ ಅಂಗಳದಲ್ಲಿ ಮಕ್ಕಳನ್ನು ಕಾಯುವ ಜಿಜೊನ ನೂರಾರು ಪುಟ್ಟ ಮೂರ್ತಿಗಳು ಕೆಂಪು ಟೊಪ್ಪಿ ಹಾಕಿಕೊಂಡು ಸಾಲಾಗಿ ನಿಂತಿವೆ, ಪಕ್ಕದಲ್ಲಿ ಗಿರಗಟ್ಟೆಗಳು. ಹುಟ್ಟುವ ಮೊದಲೇ ಕಳೆದುಹೋದ ಮಕ್ಕಳಿಗಾಗಿಯೂ ತಂದೆತಾಯಿ ಇಲ್ಲಿ ಪ್ರಾರ್ಥಿಸುತ್ತಾರೆ. ದಯವಿಟ್ಟು ಅವುಗಳ ಮುಂದೆ ಸೆಲ್ಫಿ ಬೇಡ.

ಮೂರನೇ ದಿನ: ಪಶ್ಚಿಮ

ಹರಾಜುಕು ಸ್ಟೇಷನ್ನಿನಿಂದ ಎರಡು ಹೆಜ್ಜೆಗೆ ಮೇಜಿ ಜಿಂಗು. ಮೇಜಿ ಚಕ್ರವರ್ತಿ ಮತ್ತು ರಾಣಿಯ ನೆನಪಿಗೆ 1920ರಲ್ಲಿ ಕಟ್ಟಿದ ಶಿಂತೊ ಮಂದಿರ. ಸುತ್ತಲಿನ 70 ಹೆಕ್ಟೇರ್ ಕಾಡನ್ನು ಮನುಷ್ಯರೇ ನೆಟ್ಟದ್ದೆಂದರೆ ನಂಬುವುದು ಕಷ್ಟ. ದೇಶದ ಮೂಲೆಮೂಲೆಯಿಂದ ಸುಮಾರು ಒಂದು ಲಕ್ಷ ಸಸಿಗಳು ದಾನವಾಗಿ ಬಂದವು. ಮುಂದೆ ತಾನೇ ಬೀಜ ಬಿದ್ದು ಬೆಳೆಯುವ ಕಾಡಾಗಲಿ ಎಂದು ಅಂದೇ ಯೋಜಿಸಿದ್ದರು. ಈಗಲೂ ದಾರಿಯ ಮೇಲೆ ಉದುರಿದ ಎಲೆಗಳನ್ನು ಗುಡಿಸಿ ಕಾಡಿಗೇ ಹಾಕುತ್ತಾರೆ, ಹೊರಗೆ ಒಯ್ಯುವುದಿಲ್ಲ. ಮಂದಿರದ ಮುಂದೆ ಎರಡು ಸಲ ಬಾಗಿ, ಎರಡು ಸಲ ಚಪ್ಪಾಳೆ ತಟ್ಟಿ, ಮತ್ತೊಮ್ಮೆ ಬಾಗುವುದು ಪದ್ಧತಿ.

ನಡೆದೇ ಶಿಬುಯಾ ತಲುಪಿ. ಕ್ರಾಸಿಂಗ್ ಒಮ್ಮೆ ದಾಟಿದರೆ ಆಯಿತು. ಹಚಿಕೊ ಪ್ರತಿಮೆಯ ಬಳಿ ಮಾತ್ರ ನಿಲ್ಲಿ. 1925ರಲ್ಲಿ ಒಡೆಯ ಪ್ರೊಫೆಸರ್ ಉಯೆನೊ ತೀರಿಕೊಂಡ ಮೇಲೂ ಈ ನಾಯಿ 1935ರಲ್ಲಿ ತಾನು ಸಾಯುವವರೆಗೂ ಸ್ಟೇಷನ್ನಿಗೆ ಬಂದು ಕಾಯುತ್ತಿತ್ತು. ಮೊದಲ ಪ್ರತಿಮೆಯನ್ನು ಯುದ್ಧಕಾಲದಲ್ಲಿ ಲೋಹಕ್ಕಾಗಿ ಕರಗಿಸಿದರು, ಈಗಿನದು 1948ರದ್ದು.

ಸಂಜೆ ಶಿಂಜುಕು. ಸ್ಟೇಷನ್ನಿಗೆ ಇನ್ನೂರಕ್ಕೂ ಹೆಚ್ಚು ಬಾಗಿಲುಗಳಿವೆ. ಯಾವ ಬಾಗಿಲು ಎಂಬುದನ್ನು ರೈಲಿನಲ್ಲಿರುವಾಗಲೇ ನೋಡಿಟ್ಟುಕೊಳ್ಳಿ. ಪಶ್ಚಿಮದ ಬಾಗಿಲಿಂದ ಹೊರಬಿದ್ದರೆ ಮಹಾನಗರ ಸರ್ಕಾರದ ಕಚೇರಿ. 45ನೇ ಮಹಡಿ, 202 ಮೀಟರ್ ಎತ್ತರದ ವೀಕ್ಷಣಾ ಅಟ್ಟ, ಪೂರಾ ಉಚಿತ. ಚಳಿಗಾಲದ ಶುಭ್ರ ದಿನಗಳಲ್ಲಿ ಫುಜಿ ಕಾಣುತ್ತದೆ. ಪೂರ್ವದ ಬಾಗಿಲ ಬಳಿ ನಾಕಮುರಾಯಾ ಹೋಟೆಲಿದೆ. ಬ್ರಿಟಿಷರಿಂದ ತಲೆಮರೆಸಿಕೊಂಡು 1915ರಲ್ಲಿ ಜಪಾನಿಗೆ ಬಂದ ಕ್ರಾಂತಿಕಾರಿ ರಾಸ್ ಬಿಹಾರಿ ಬೋಸ್‌ಗೆ ಆಶ್ರಯ ಕೊಟ್ಟ ಮನೆತನದ್ದು. ಬೋಸ್ ಕಲಿಸಿದ ಕೋಳಿ ಕರಿಯನ್ನು 1927ರಿಂದ ಅಲ್ಲಿ ಬಡಿಸುತ್ತಿದ್ದಾರೆ.

ಸಸ್ಯಾಹಾರಿಗಳಿಗೆ

ಜಪಾನಿನಲ್ಲಿ 'ಮಾಂಸ ಬೇಡ' ಅಂದರೆ ಸಾಲದು. ಸಾರು, ಸೂಪು, ನೂಡಲ್, ಬೇಯಿಸಿದ ತರಕಾರಿ ಎಲ್ಲದರ ಬುಡದಲ್ಲಿ 'ದಾಶಿ' ಇರುತ್ತದೆ, ಅದು ಹೆಚ್ಚಾಗಿ ಒಣಮೀನಿನ ರಸ. ಮಾಂಸ, ಮೀನು, ದಾಶಿ ಮೂರೂ ಬೇಡವೆಂದು ಜಪಾನಿಯಲ್ಲಿ ಬರೆದ ಚೀಟಿಯನ್ನು ಫೋನಿನಲ್ಲಿಟ್ಟುಕೊಂಡು ತೋರಿಸಿ. ಬೌದ್ಧ ಮಠಗಳ 'ಶೋಜಿನ್ ರ್ಯೋರಿ' ಊಟ ಸಸ್ಯಾಹಾರದ್ದು, ದುಬಾರಿಯಾದರೂ ಒಮ್ಮೆ ಉಣ್ಣಬೇಕಾದ್ದು. ಅನ್ನ-ಸಾಂಬಾರಿನ ಹಂಬಲವಾದರೆ ತೋಜಾಯ್ ಲೈನ್‌ನಲ್ಲಿ ನಿಶಿ-ಕಸಾಯ್‌ಗೆ ಹೋಗಿ. ಐಟಿ ಕೆಲಸಕ್ಕೆ ಬಂದ ಭಾರತೀಯರು ದಟ್ಟವಾಗಿ ನೆಲೆಸಿರುವ ಬಡಾವಣೆಯದು. ದಿನಸಿ ಅಂಗಡಿ, ದಕ್ಷಿಣದ ತಿಂಡಿ ಎರಡೂ ಸಿಗುತ್ತವೆ.

ವಾರ ನೋಡಿ ಹೊಂದಿಸಿ

ಮ್ಯೂಸಿಯಂಗಳು ಸಾಮಾನ್ಯವಾಗಿ ಸೋಮವಾರ ಮುಚ್ಚಿರುತ್ತವೆ. ಅರಮನೆಯ ಪೂರ್ವ ತೋಟಕ್ಕೆ ಸೋಮವಾರ, ಶುಕ್ರವಾರ ಎರಡೂ ರಜೆ. ನಿಮ್ಮ ಮೂರು ದಿನಗಳಲ್ಲಿ ಸೋಮವಾರ ಬಿದ್ದರೆ ಅದನ್ನು ಪಶ್ಚಿಮಕ್ಕೆ ಕೊಡಿ. ರಾತ್ರಿ ಎಷ್ಟೇ ಹೊತ್ತು ಸುತ್ತಿದರೂ ಹನ್ನೆರಡರೊಳಗೆ ಸ್ಟೇಷನ್ ಸೇರಿಕೊಳ್ಳಿ. ಕೊನೆಯ ರೈಲು ಹೋದ ಮೇಲೆ ಬೆಳಗಿನ ಜಾವದವರೆಗೆ ಟ್ಯಾಕ್ಸಿ ಬಿಟ್ಟರೆ ಬೇರೆ ದಾರಿಯಿಲ್ಲ.