ಹಿಂದಿನಿಂದ ನೂಕುವ ಪುಟ್ಟ ವಿಮಾನ

ಮಕ್ಕಳೇ, ಆಲೆಮನೆಗೆ ಕಬ್ಬು ಹೇರಿಕೊಂಡು ಹೋಗುವ ಎತ್ತಿನ ಗಾಡಿಯನ್ನು ನೀವು ನೋಡಿರುತ್ತೀರಿ. ಗಾಡಿಯ ಹಿಂಭಾಗದಲ್ಲಿ ಭಾರ ಹೆಚ್ಚಾದರೆ ಏನಾಗುತ್ತದೆ? ಮೂಕಿ ಮೇಲಕ್ಕೆ ಎತ್ತಿಕೊಳ್ಳುತ್ತದೆ. ಆಗ ಗಾಡಿ ಹೊಡೆಯುವವರು ಮುಂದಕ್ಕೆ ಸರಿದು ಮೂಕಿಯ ಮೇಲೆ ಕುಳಿತುಕೊಳ್ಳುತ್ತಾರೆ. ಗಾಡಿ ಮತ್ತೆ ಸಮನಾಗುತ್ತದೆ. ಈ ಒಂದು ವಿಷಯ ನಿಮಗೆ ಗೊತ್ತಿದ್ದರೆ, ಜೆಟ್ ವಿಮಾನದ ಆಕಾರದ ಪುಟ್ಟ ಮಾದರಿಯನ್ನು ಹಾರಿಸುವ ವಿದ್ಯೆಯಲ್ಲಿ ಅರ್ಧ ಗೊತ್ತಾದಂತೆಯೇ ಸರಿ. ಹೇಗೆ ಎಂದು ನೋಡೋಣ.

ವಿಮಾನ ಮುಂದೆ ಹೋಗಲು ಯಾವುದನ್ನಾದರೂ ಹಿಂದಕ್ಕೆ ತಳ್ಳಬೇಕು. ಕಾವೇರಿಯಲ್ಲಿ ಹರಿಗೋಲಿನವನು ಹುಟ್ಟಿನಿಂದ ನೀರನ್ನು ಹಿಂದಕ್ಕೆ ತಳ್ಳುತ್ತಾನೆ. ಹರಿಗೋಲು ಮುಂದೆ ಹೋಗುತ್ತದೆ. ಇದು ನ್ಯೂಟನ್‌ನ ಮೂರನೆಯ ನಿಯಮ. ನಿಮ್ಮ ಜಿಲ್ಲೆಯ ಶ್ರೀರಂಗಪಟ್ಟಣಕ್ಕೂ ಈ ನಿಯಮಕ್ಕೂ ಹಳೆಯ ನಂಟಿದೆ. ಹೈದರಾಲಿ ಮತ್ತು ಟಿಪ್ಪು ಸುಲ್ತಾನರ ಸೈನ್ಯದಲ್ಲಿ ಕಬ್ಬಿಣದ ಕೊಳವೆಯ ರಾಕೆಟ್‌ಗಳಿದ್ದವು. ಕೊಳವೆಯಲ್ಲಿ ಮದ್ದು ಉರಿದು ಅನಿಲ ಹಿಂದಕ್ಕೆ ಚಿಮ್ಮುತ್ತಿತ್ತು, ರಾಕೆಟ್ ಮುಂದಕ್ಕೆ ಹಾರುತ್ತಿತ್ತು. ಅದು ನೆಟ್ಟಗೆ ಹೋಗಲಿ ಎಂದು ಉದ್ದನೆಯ ಬಿದಿರಿನ ಗಳುವನ್ನು ಕಟ್ಟುತ್ತಿದ್ದರು. 1780ರ ಪೊಳ್ಳಿಲೂರು ಕದನದಲ್ಲಿ ಅವು ಬ್ರಿಟಿಷರನ್ನು ಕಂಗೆಡಿಸಿದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕೆಲವು ರಾಕೆಟ್‌ಗಳು ಇಂಗ್ಲೆಂಡಿಗೆ ಹೋದವು. ಅಲ್ಲಿ ವಿಲಿಯಂ ಕಾಂಗ್ರೀವ್ ಎಂಬಾತ ಅವುಗಳ ಆಧಾರದ ಮೇಲೆ ಹೊಸ ರಾಕೆಟ್‌ಗಳನ್ನು ಮಾಡಿದನು.

ನಿಜವಾದ ಜೆಟ್ ಎಂಜಿನ್ ಕೂಡ ಬಿಸಿ ಅನಿಲವನ್ನು ಹಿಂದಕ್ಕೆ ಚಿಮ್ಮುತ್ತದೆ. ನಮ್ಮ ಮಾದರಿಗೆ ಬೆಂಕಿ ಬೇಡ. ಅದರ ಬಾಲದಲ್ಲಿ ಒಂದು ಪುಟ್ಟ ವಿದ್ಯುತ್ ಮೋಟಾರು, ಅದಕ್ಕೊಂದು ಪ್ರೊಪೆಲರ್ ಇದ್ದರೆ ಸಾಕು. ಹೀಗೆ ಹಿಂದಿನಿಂದ ತಳ್ಳುವ ಪ್ರೊಪೆಲರ್‌ಗೆ ‘ಪುಷರ್’ ಎನ್ನುತ್ತಾರೆ. ನಾವು ‘ನೂಕುವ ಪ್ರೊಪೆಲರ್’ ಎನ್ನೋಣ.

ಇದು ಆಟಿಕೆಯವರು ಕಂಡುಹಿಡಿದದ್ದಲ್ಲ. 1903ರ ಡಿಸೆಂಬರ್ 17ರಂದು ರೈಟ್ ಸಹೋದರರು ಹಾರಿಸಿದ ವಿಮಾನದ ಎರಡೂ ಪ್ರೊಪೆಲರ್‌ಗಳು ರೆಕ್ಕೆಯ ಹಿಂದೆಯೇ ಇದ್ದವು. ನಮ್ಮ ಬೆಂಗಳೂರಿನಲ್ಲಿಯೂ ಇಂತಹ ವಿಮಾನ ತಯಾರಾಯಿತು. ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್, ಅಂದರೆ ಎನ್.ಎ.ಎಲ್. ಸಂಸ್ಥೆಯ ವಿಜ್ಞಾನಿಗಳು ರೂಪಿಸಿದ 14 ಆಸನಗಳ ಆ ವಿಮಾನದ ಹೆಸರು ‘ಸರಸ್’. ಸಾರಸ ಪಕ್ಷಿಯ ಹೆಸರು ಅದು. ಅದರ ಎರಡು ಎಂಜಿನ್‌ಗಳು ಬಾಲದ ಹತ್ತಿರ, ಪ್ರೊಪೆಲರ್‌ಗಳು ಹಿಂದಕ್ಕೆ ಮುಖ ಮಾಡಿ ಇವೆ. ಹೀಗಿದ್ದರೆ ಒಳಗೆ ಕುಳಿತವರಿಗೆ ಸದ್ದು ಕಡಿಮೆ. ಸರಸ್ ಮೊದಲ ಬಾರಿ ಹಾರಿದ್ದು 2004ರ ಮೇ 29ರಂದು. 2009ರ ಮಾರ್ಚ್ 6ರಂದು ಅದರ ಎರಡನೆಯ ಮಾದರಿ ಪರೀಕ್ಷಾ ಹಾರಾಟದಲ್ಲಿ ಬಿಡದಿಯ ಬಳಿ ಬಿದ್ದು, ವಾಯುಪಡೆಯ ಮೂವರು ಅಧಿಕಾರಿಗಳು ಪ್ರಾಣ ತೆತ್ತರು. ಮಂಡ್ಯದಿಂದ ಬೆಂಗಳೂರಿಗೆ ಹೋಗುವಾಗ ಸಿಗುವ ಊರೇ ಅದು. ಕೆಲಸ ವರ್ಷಗಟ್ಟಲೆ ನಿಂತಿತು. ಸುಧಾರಿಸಿದ ಮಾದರಿ 2018ರ ಜನವರಿ 24ರಂದು ಮತ್ತೆ ಹಾರಿತು.

ಈಗ ಗಾಡಿಯ ಮೂಕಿಗೆ ಮರಳಿ ಬರೋಣ. ಎಂಜಿನ್ ಹಿಂದೆ ಹೋದರೆ ಭಾರವೂ ಹಿಂದೆ ಹೋಗುತ್ತದೆ. ಅದಕ್ಕೇ ಇಂತಹ ದೊಡ್ಡ ವಿಮಾನಗಳಲ್ಲಿ ರೆಕ್ಕೆಯನ್ನೂ ಸ್ವಲ್ಪ ಹಿಂದಕ್ಕೆ ಕೂಡಿಸುತ್ತಾರೆ. ನಮ್ಮ ಮಾದರಿಯಲ್ಲಿ ಏನು ಮಾಡುವುದು?

ಮಾಡಿ ನೋಡಿ

ಇದಕ್ಕೆ ದುಡ್ಡು ಬೇಡ. ಹಳೆಯ ನೋಟ್‌ಬುಕ್‌ನ ರಟ್ಟಿನಲ್ಲಿ ತಳ 16 ಸೆಂ.ಮೀ., ಎತ್ತರ 24 ಸೆಂ.ಮೀ. ಇರುವ ತ್ರಿಕೋನ ಕತ್ತರಿಸಿ. ಎರಡು ಬದಿಗಳು ಸಮನಾಗಿರಲಿ. ತುದಿಯೇ ಮೂಗು, ತಳವೇ ಬಾಲ. ಬೆಂಗಳೂರಿನಲ್ಲಿ ತಯಾರಾಗುವ ತೇಜಸ್ ಯುದ್ಧ ವಿಮಾನದ ರೆಕ್ಕೆಯೂ ಹೆಚ್ಚು ಕಡಿಮೆ ತ್ರಿಕೋನವೇ.

ತ್ರಿಕೋನದ ನಡುವೆ ಮೂಗಿನಿಂದ ಬಾಲಕ್ಕೆ ಗೆರೆ ಎಳೆದು, ಪೆನ್ಸಿಲ್‌ನ ಮೊನೆಯ ಮೇಲೆ ತೂಗಿ ನಿಲ್ಲಿಸಿ. ಎಲ್ಲಿ ಸಮನಾಗಿ ನಿಂತಿತು? ಮೂಗಿನಿಂದ 16 ಸೆಂ.ಮೀ. ದೂರದಲ್ಲಿ, ಅಂದರೆ ಮೂರನೆಯ ಎರಡು ಭಾಗದಲ್ಲಿ. ಇದು ಅದರ ಗುರುತ್ವ ಕೇಂದ್ರ. ಇನ್ನು ಅದನ್ನು ಮೆಲ್ಲಗೆ ಮುಂದಕ್ಕೆ ಎಸೆಯಿರಿ. ಮೂಗು ಎತ್ತಿ ಲಾಗ ಹಾಕಿ ಬೀಳುತ್ತದೆ!

ಯಾಕೆ? ತ್ರಿಕೋನದ ರೆಕ್ಕೆಯನ್ನು ಗಾಳಿ ಎತ್ತುವ ಬಲವನ್ನು ಒಂದೇ ಜಾಗದಲ್ಲಿ ಇದೆ ಎಂದು ಭಾವಿಸಿದರೆ, ಆ ಜಾಗ ಸುಮಾರು ಅರ್ಧದಲ್ಲಿ, ಅಂದರೆ 12 ಸೆಂ.ಮೀ.ನಲ್ಲಿ ಬರುತ್ತದೆ. ಗಾಳಿ 12ರಲ್ಲಿ ಎತ್ತುತ್ತದೆ, ಭಾರ 16ರಲ್ಲಿ ಎಳೆಯುತ್ತದೆ. ಹಿಂದೆ ಹೆಚ್ಚು ಹೇರಿದ ಗಾಡಿಯೇ ಇದು. ಭಾರದ ಜಾಗ ಗಾಳಿ ಎತ್ತುವ ಜಾಗಕ್ಕಿಂತ ಸ್ವಲ್ಪ ಮುಂದೆ ಇರಬೇಕು.

ಮೂಗಿಗೆ ಜೇಡಿಮಣ್ಣನ್ನು ಸ್ವಲ್ಪ ಸ್ವಲ್ಪವೇ ಮೆತ್ತಿ, 10 ಸೆಂ.ಮೀ.ನಲ್ಲಿ ತೂಗಿ ನಿಲ್ಲುವಂತೆ ಮಾಡಿ. ತಳದ ಅಂಚನ್ನು 1 ಸೆಂ.ಮೀ. ಅಗಲಕ್ಕೆ ತುಸುವೇ ಮೇಲಕ್ಕೆ ಬಾಗಿಸಿ. ಈಗ ಎಸೆಯಿರಿ. ತೇಲಿಕೊಂಡು ಹೋಗುತ್ತದೆ. ಕಾಗದದ ವಿಮಾನ ಮಾಡುವಾಗ ಮೂಗಿನ ಕಡೆಗೇ ಮಡಿಕೆಯ ಮೇಲೆ ಮಡಿಕೆ ಯಾಕೆ ಬರುತ್ತದೆ ಎಂಬುದು ಈಗ ತಿಳಿಯಿತಲ್ಲವೇ?

ದೊಡ್ಡ ಮಾದರಿ

ಇದನ್ನು ಒಬ್ಬರೇ ಮಾಡುವುದು ಕಷ್ಟ. ಮೋಟಾರು, ಬ್ಯಾಟರಿ, ರೇಡಿಯೊ ಅಗ್ಗವಲ್ಲ. ಶಾಲೆಯ ವಿಜ್ಞಾನ ಸಂಘಕ್ಕೆ ಒಂದಿದ್ದರೆ ಎಲ್ಲರೂ ಕಲಿಯಬಹುದು. ಮೇಷ್ಟ್ರು ಅಥವಾ ಟೀಚರ್ ಜೊತೆಯಲ್ಲಿ ಇರಲೇಬೇಕು.

5 ಮಿ.ಮೀ. ದಪ್ಪದ ಗಟ್ಟಿ ಥರ್ಮೋಕೋಲ್ ಹಾಳೆಯಲ್ಲಿ ಉದ್ದ 40 ಸೆಂ.ಮೀ., ತಳ 60 ಸೆಂ.ಮೀ. ಇರುವ ತ್ರಿಕೋನದ ರೆಕ್ಕೆ ಕತ್ತರಿಸಿ, ಬಿದಿರಿನ ಸೀಳನ್ನು ಅಡ್ಡಲಾಗಿ ಅಂಟಿಸಿ. ಫೆವಿಕಾಲ್ ಆಗುತ್ತದೆ. ತಕ್ಷಣ ಅಂಟುವ ಚಿಕ್ಕ ಟ್ಯೂಬಿನ ಅಂಟು ಬೇಡ, ಅದು ಥರ್ಮೋಕೋಲನ್ನೇ ಕರಗಿಸುತ್ತದೆ. ತಳದಂಚಿನ ಎಡಕ್ಕೂ ಬಲಕ್ಕೂ ಒಂದೊಂದು ಮಡಿಚುವ ಪಟ್ಟಿ ಇರಲಿ. ಎರಡೂ ಮೇಲೆದ್ದರೆ ವಿಮಾನದ ಮೂಗು ಏಳುತ್ತದೆ. ಒಂದು ಮೇಲೆ, ಒಂದು ಕೆಳಗೆ ಆದರೆ ವಿಮಾನ ಪಕ್ಕಕ್ಕೆ ವಾಲಿ ತಿರುಗುತ್ತದೆ. ಇವನ್ನು ಆಡಿಸುವ ಪುಟ್ಟ ಮೋಟಾರುಗಳಿಗೆ ಸರ್ವೋ ಎಂದು ಹೆಸರು. ನಿಮ್ಮ ಕೈಯಲ್ಲಿರುವ ರೇಡಿಯೊ ಪೆಟ್ಟಿಗೆಯ ಸಂಕೇತವನ್ನು ವಿಮಾನದಲ್ಲಿರುವ ರಿಸೀವರ್ ಹಿಡಿದು ಸರ್ವೋಗಳಿಗೆ ತಿಳಿಸುತ್ತದೆ.

ಈಗ ಭಾರದ ಲೆಕ್ಕ. ರೆಕ್ಕೆ 40 ಸೆಂ.ಮೀ. ಉದ್ದ, ಆದ್ದರಿಂದ ಗಾಳಿ ಎತ್ತುವ ಜಾಗ 20ರಲ್ಲಿ. ನಮ್ಮ ಗುರುತ್ವ ಕೇಂದ್ರ ಅದಕ್ಕಿಂತ ಮುಂದೆ, 16 ಸೆಂ.ಮೀ.ನಲ್ಲಿ ಇರಲಿ. ಅದನ್ನೇ ಸನ್ನೆಯ ಆನಿಕೆ ಎಂದುಕೊಳ್ಳಿ. ರೆಕ್ಕೆಯ ತೂಕ 120 ಗ್ರಾಂ. ಅದರ ಭಾರ 27ರಲ್ಲಿ, ಅಂದರೆ ಆನಿಕೆಯಿಂದ 11 ಸೆಂ.ಮೀ. ಹಿಂದೆ. 120 × 11 = 1320. ಮೋಟಾರು, ಪ್ರೊಪೆಲರ್ ಸೇರಿ 60 ಗ್ರಾಂ. 38ರಲ್ಲಿ, ಅಂದರೆ 22 ಸೆಂ.ಮೀ. ಹಿಂದೆ. 60 × 22 = 1320. ಒಟ್ಟು 2640. ಬ್ಯಾಟರಿಯ ತೂಕ 120 ಗ್ರಾಂ. 2640 ÷ 120 = 22. ಅಂದರೆ ಬ್ಯಾಟರಿ ಆನಿಕೆಯಿಂದ 22 ಸೆಂ.ಮೀ. ಮುಂದೆ ಇರಬೇಕು. ರೆಕ್ಕೆ ಆನಿಕೆಯ ಮುಂದೆ ಇರುವುದೇ 16 ಸೆಂ.ಮೀ.! ಹಾಗಾಗಿ ರೆಕ್ಕೆಯ ತುದಿಯಿಂದ ಮೂಗನ್ನು ಇನ್ನೂ ಮುಂದಕ್ಕೆ ಬೆಳೆಸಿ, ಬ್ಯಾಟರಿಯ ನಡುಭಾಗ ತುದಿಯಿಂದ 6 ಸೆಂ.ಮೀ. ಮುಂದೆ ಬರುವಂತೆ ಇಡಬೇಕು. ಮೂಕಿಯ ಮೇಲೆ ಕುಳಿತ ಗಾಡಿಯವನ ಕೆಲಸವನ್ನು ಬ್ಯಾಟರಿ ಮಾಡುತ್ತದೆ. ರಿಸೀವರ್, ಸರ್ವೋ ಮುಂತಾದ 40 ಗ್ರಾಂ ಸಾಮಾನನ್ನು ಆನಿಕೆಯ ಹತ್ತಿರವೇ ಇಟ್ಟರೆ ಲೆಕ್ಕ ಕೆಡುವುದಿಲ್ಲ. ನಿಮ್ಮ ಸಾಮಾನಿನ ತೂಕ ಬೇರೆ ಇರಬಹುದು. ತೂಗಿ, ನೀವೇ ಲೆಕ್ಕ ಮಾಡಿ.

ಬ್ಯಾಟರಿಯ ಕಥೆ

ಟಾರ್ಚಿನ ಸೆಲ್ ಯಾಕಾಗುವುದಿಲ್ಲ? ಅದಕ್ಕೆ ತೂಕ ಹೆಚ್ಚು, ಒಮ್ಮೆಗೇ ಕೊಡುವ ವಿದ್ಯುತ್ ಕಡಿಮೆ. ನಮಗೆ ಬೇಕಾದದ್ದು ಲಿಥಿಯಂ ಪಾಲಿಮರ್ ಬ್ಯಾಟರಿ. ಅದರ ಒಂದು ಸೆಲ್ 3.7 ವೋಲ್ಟ್, ಮೂರು ಸೆಲ್ ಸೇರಿದರೆ 11.1 ವೋಲ್ಟ್. ಮೋಟಾರು 10 ಆಂಪಿಯರ್ ಎಳೆದರೆ 11.1 × 10 = 111 ವಾಟ್. 9 ವಾಟ್‌ನ ಹನ್ನೆರಡು ಎಲ್‌ಇಡಿ ಬಲ್ಬುಗಳನ್ನು ಉರಿಸುವಷ್ಟು! ಎಷ್ಟು ಹೊತ್ತು? ಬ್ಯಾಟರಿಯ ಮೇಲೆ 1300 ಮಿಲಿ ಆಂಪಿಯರ್ ಗಂಟೆ ಎಂದಿದ್ದರೆ ಅದು 1.3 ಆಂಪಿಯರ್ ಗಂಟೆ. 1.3 ÷ 10 = 0.13 ಗಂಟೆ, ಸುಮಾರು 8 ನಿಮಿಷ. ಆದರೆ ಪೂರ್ತಿ ಬರಿದು ಮಾಡಿದರೆ ಈ ಬ್ಯಾಟರಿ ಹಾಳಾಗುತ್ತದೆ. 5 ನಿಮಿಷಕ್ಕೆ ಇಳಿಸಿಬಿಡಿ.

ಈ ಬ್ಯಾಟರಿಯಲ್ಲಿ ಶಕ್ತಿ ಒತ್ತೊತ್ತಾಗಿ ತುಂಬಿರುತ್ತದೆ. ಚುಚ್ಚಿದರೆ, ತಂತಿ ತಾಗಿಸಿದರೆ, ತಪ್ಪು ಚಾರ್ಜರ್ ಹಾಕಿದರೆ ಬೆಂಕಿ ಹತ್ತಿಕೊಳ್ಳಬಹುದು. ಅದಕ್ಕೆಂದೇ ಇರುವ ಚಾರ್ಜರ್‌ನಲ್ಲಿ, ಕಲ್ಲಿನ ನೆಲದ ಮೇಲೆ, ದೊಡ್ಡವರ ಕಣ್ಣೆದುರಿಗೇ ಚಾರ್ಜ್ ಮಾಡಬೇಕು. ಉಬ್ಬಿದ ಬ್ಯಾಟರಿಯನ್ನು ಮತ್ತೆ ಬಳಸಲೇಬಾರದು.

ಮೋಟಾರಿಗೆ ಮೂರು ತಂತಿಗಳಿರುತ್ತವೆ. ಅದು ಉಲ್ಟಾ ತಿರುಗಿದರೆ ಯಾವುದಾದರೂ ಎರಡನ್ನು ಅದಲು ಬದಲು ಮಾಡಿ. ಪ್ರೊಪೆಲರ್ ಹಿಂದೆ ಇದ್ದರೂ ಅದರ ಮೇಲೆ ಅಂಕಿ ಬರೆದಿರುವ ಮುಖ ವಿಮಾನದ ಮೂಗಿನ ಕಡೆಗೇ ಇರಬೇಕು. ಈ ಪರೀಕ್ಷೆಗಳನ್ನೆಲ್ಲ ಪ್ರೊಪೆಲರ್ ಕಳಚಿಟ್ಟು ಮಾಡಿ, ಕೊನೆಯಲ್ಲಿ ಅದನ್ನು ಕೂಡಿಸಿ. ರೇಡಿಯೊ ಪೆಟ್ಟಿಗೆಯನ್ನು ಮೊದಲು ಹಚ್ಚಿ, ಆಮೇಲೆ ವಿಮಾನದ ಬ್ಯಾಟರಿ ಜೋಡಿಸಿ. ತೆಗೆಯುವಾಗ ಮೊದಲು ಬ್ಯಾಟರಿ, ಆಮೇಲೆ ಪೆಟ್ಟಿಗೆ.

ಎಲ್ಲಿ ಹಾರಿಸುವುದು?

ನಾಗಮಂಗಲದ ಕಡೆಯವರಿಗೆ ರಾಗಿ ಕೊಯ್ಲಾದ ಬಯಲು ಹೊಲ ಚೆನ್ನ. ಕೃಷ್ಣರಾಜಪೇಟೆಯವರು ತೆಂಗಿನ ತೋಟದಿಂದ ದೂರ ಹೋಗಬೇಕು. ಪಾಂಡವಪುರದವರು ಕುಂತಿಬೆಟ್ಟದ ಬುಡಕ್ಕೆ ಹೋಗಬೇಡಿ. ಬೆಟ್ಟದ ಮರೆಯಲ್ಲಿ ಗಾಳಿ ಸುಳಿಸುತ್ತದೆ. ಕಬ್ಬಿನ ಗದ್ದೆಯೊಳಗೆ ಬಿದ್ದರೆ ಹುಡುಕುವುದು ಹೇಗೆ, ನೀವೇ ಹೇಳಿ! ರಂಗನತಿಟ್ಟಿನ ಹತ್ತಿರ ಬೇಡ, ಅದು ಹಕ್ಕಿಗಳ ಮನೆ. ಕನ್ನಂಬಾಡಿ ಕಟ್ಟೆಯ ಬಳಿ, ವಿದ್ಯುತ್ ತಂತಿಗಳ ಕೆಳಗೆ, ಜನರ ತಲೆಯ ಮೇಲೆ ಹಾರಿಸಲೇಬಾರದು. ಎಲ್ಲಿ ಹಾರಿಸಬಹುದು ಎಂಬುದಕ್ಕೆ ಸರ್ಕಾರದ 2021ರ ಡ್ರೋನ್ ನಿಯಮಗಳಿವೆ. ಮೇಷ್ಟ್ರು ಅವನ್ನು ನೋಡಿ ಒಪ್ಪಿದ ಮೇಲೆಯೇ ಹೊರಡಿ.

ಬೆಳಗಿನ ಹೊತ್ತು ಗಾಳಿ ಕಡಿಮೆ. ಮೊದಲು ಮೋಟಾರು ಹಚ್ಚದೆ, ಎದುರು ಗಾಳಿಗೆ ಮೆಲ್ಲಗೆ ತೇಲಿಬಿಡಿ. ಮೂಗು ಎತ್ತಿ, ನಿಂತಂತಾಗಿ ಬಿದ್ದರೆ ಬ್ಯಾಟರಿಯನ್ನು 1 ಸೆಂ.ಮೀ. ಮುಂದಕ್ಕೆ ಸರಿಸಿ. ನೇರ ನೆಲಕ್ಕೆ ಮೂಗು ಕುಟ್ಟಿದರೆ ಎರಡೂ ಪಟ್ಟಿಗಳನ್ನು 2 ಮಿ.ಮೀ. ಮೇಲಕ್ಕೆ ಎತ್ತಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡನ್ನೂ ಒಟ್ಟಿಗೆ ಮಾಡಿದರೆ ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲ.

ನೆಟ್ಟಗೆ ತೇಲಿದ ಮೇಲೆ ಮೋಟಾರಿನ ಸರದಿ. ಇಲ್ಲಿ ನೂಕುವ ಪ್ರೊಪೆಲರ್‌ನ ಒಂದು ಕೆಟ್ಟ ಗುಣ ನೆನಪಿರಲಿ: ಎಸೆದ ಕೈಯ ಪಕ್ಕದಲ್ಲೇ ಅದು ಹಾದು ಹೋಗುತ್ತದೆ. ಆದ್ದರಿಂದ ದೊಡ್ಡವರೇ ಎಸೆಯಲಿ. ವಿಮಾನ ಕೈಬಿಟ್ಟು ಮುಂದೆ ಹೋದ ಮೇಲೆ ಮಾತ್ರ ನೀವು ಮೋಟಾರು ಹಚ್ಚಿ. 5 ನಿಮಿಷಕ್ಕೆ ಇಳಿಸಿ, ಬ್ಯಾಟರಿ ಕಳಚಿ, ಮೋಟಾರನ್ನು ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ. ಬೆರಳು ಇಡಲಾಗದಷ್ಟು ಸುಡುತ್ತಿದ್ದರೆ ಪ್ರೊಪೆಲರ್ ಅದಕ್ಕೆ ದೊಡ್ಡದಾಯಿತು, ಚಿಕ್ಕದು ಹಾಕಿ.