ಮೊದಲು ಪರವಾನಗಿ, ಆಮೇಲೆ ಅತಿಥಿಗಳು

ಅಕ್ಕಾವರೇ, ನಿಮ್ಮ ಸೇವಾ ಕ್ಲಬ್ಬಿನ ಸಭೆಗಳೆಲ್ಲ ಬ್ಯಾನರ್, ಮುಖ್ಯ ಅತಿಥಿಗಳ ಚರ್ಚೆಯಲ್ಲೇ ಮುಗಿದು ಬೀದಿ ಸಂತೆಯ ಕೆಲಸ ಹಿಂದೆ ಬಿದ್ದಿದೆ ಎಂದು ಬರೆದಿದ್ದೀರಿ. ಕಾರ್ಯದರ್ಶಿಯಾಗಿ ಮುಂದಿನ ಸಭೆಗೆ ಒಂದೇ ವಿಷಯ ಇಡಿ: ಪರವಾನಗಿ. ರಸ್ತೆಗೆ ಮಹಾನಗರ ಪಾಲಿಕೆ, ಸಂಚಾರಕ್ಕೆ ಪೊಲೀಸರು, ತಾತ್ಕಾಲಿಕ ವಿದ್ಯುತ್ತಿಗೆ ಹೆಸ್ಕಾಂ. ಯಾರು ಎಲ್ಲಿಗೆ ಹೋಗಬೇಕೆಂದು ನಡಾವಳಿಯಲ್ಲಿ ಬರೆದು, ಸಹಿ ಹಾಕಿಸಿಕೊಂಡ ಮೇಲೆಯೇ ಚಹಾ ತರಿಸಿ.

ಸಂತೆ ನಡೆಯುವ ಬೀದಿಯಲ್ಲಿ ದಿನಾ ಗಿರಮಿಟ್, ಮಿರ್ಚಿ ಮಾರುವವರನ್ನು ಮಾತ್ರ ಎಬ್ಬಿಸಬೇಡಿ. ಹುಬ್ಬಳ್ಳಿಯ ದುರ್ಗದಬೈಲನ್ನೇ ನೋಡಿ, ಅಲ್ಲಿ ಜನ ಸೇರುವುದೇ ಗಾಡಿಗಳ ಸುತ್ತ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯೂ ಅವರ ಜೀವನೋಪಾಯದ ಪರವಾಗಿದೆ. ಸಂತೆಯ ಮೊದಲ ಸಾಲನ್ನು ಬಾಡಿಗೆಯಿಲ್ಲದೆ ಅವರಿಗೇ ಕೊಡಿ. ಸೇವಾ ಕ್ಲಬ್ಬು ಇಷ್ಟಾದರೂ ಮಾಡಲೇಬೇಕು. ಕುದಿಯುವ ಎಣ್ಣೆಯ ಬಾಣಲಿ ಮಕ್ಕಳ ಕೈಗೆ ಸಿಗದಂತೆ ಗೋಡೆಯ ಬದಿಗಿರಲಿ. ರಾತ್ರಿ 10ಕ್ಕೆ ಧ್ವನಿವರ್ಧಕ ಬಂದ್ ಮಾಡಿಸಿ. ಅತಿಥಿಗಳ ಪಟ್ಟಿಯನ್ನು ಕಡೆಯ ಸಭೆಗೆ ಇಟ್ಟುಕೊಳ್ಳಿ.