ಡಿಜಿಟಲ್ ಕ್ಯಾಮೆರಾದ ದೋಷಗಳು ಮತ್ತು ಪರಿಹಾರ

1975ರಲ್ಲಿ ಅಮೆರಿಕದ ಈಸ್ಟ್‌ಮನ್ ಕೊಡ್ಯಾಕ್ ಸಂಸ್ಥೆಯ ಸ್ಟೀವನ್ ಸ್ಯಾಸನ್ ನಿರ್ಮಿಸಿದ ಡಿಜಿಟಲ್ ಕ್ಯಾಮೆರಾ ಒಂದು ಚಿತ್ರವನ್ನು ಕ್ಯಾಸೆಟ್ಟಿನಲ್ಲಿ ದಾಖಲಿಸಲು 23 ಸೆಕೆಂಡು ತೆಗೆದುಕೊಳ್ಳುತ್ತಿತ್ತು. ಇಂದು ಆ ಕಾರ್ಯವು ಕ್ಷಣಾರ್ಧದಲ್ಲಿ ಮುಗಿಯುವುದಾದರೂ ದೋಷಗಳು ತಪ್ಪಿಲ್ಲ. ಶಿಥಿಲವಾದ ತಾಳೆಗರಿಯ ಕಟ್ಟನ್ನು ಚಿತ್ರಿಸುವವನಿಗೆ ಎರಡನೆಯ ಅವಕಾಶವು ದೊರೆಯದಿರಬಹುದು. ಆದುದರಿಂದ ದೋಷದ ಮೂಲವನ್ನು ಅರಿತಿರುವುದು ಅವಶ್ಯ.

ಇಡೀ ಚಿತ್ರವು ಒಂದೇ ದಿಕ್ಕಿಗೆ ಎಳೆದಂತೆ ಮಸುಕಾಗಿದ್ದರೆ ಕೈ ಅಲುಗಿದೆಯೆಂದು ತಿಳಿಯಬೇಕು. ಕ್ಯಾಮೆರಾವನ್ನು ಮುಕ್ಕಾಲಿಯ ಮೇಲೆ ನಿಲ್ಲಿಸುವುದೇ ಪರಿಹಾರ. ಬೇಡವಾದ ಭಾಗವು ಸ್ಪಷ್ಟವಾಗಿದ್ದು ಬೇಕಾದುದು ಮಸುಕಾಗಿದ್ದರೆ ಫೋಕಸ್ ತಪ್ಪಿದೆ. ಲೆನ್ಸನ್ನು ಬದಲಿಸಿದ ಮೇಲೆಯೂ ಪ್ರತಿ ಚಿತ್ರದ ಒಂದೇ ಸ್ಥಳದಲ್ಲಿ ಕಲೆ ಕಂಡರೆ ಅದು ಸೆನ್ಸರಿನ ಮೇಲಿನ ಧೂಳು. ಅದನ್ನು ಬಾಯಿಂದ ಊದಬಾರದು, ಎಂಜಲಿನ ಹನಿ ಅಂಟೀತು. ರಬ್ಬರಿನ ಗಾಳಿಯುಂಡೆಯನ್ನು ಬಳಸಬೇಕು.

ಚಿತ್ರಗಳು ಕೈತಪ್ಪಿ ಅಳಿಸಿಹೋದರೆ ಆ ಕಾರ್ಡಿನಲ್ಲಿ ಮತ್ತೆ ಚಿತ್ರ ತೆಗೆಯಕೂಡದು. ಸಾಮಾನ್ಯವಾಗಿ ಅಳಿಯುವುದು ಸೂಚಿಯಲ್ಲಿನ ನಮೂದು ಮಾತ್ರ. ಅದರ ಮೇಲೆ ಹೊಸದನ್ನು ಬರೆಯುವವರೆಗೆ ಚಿತ್ರವು ಒಳಗೆ ಉಳಿದಿರುತ್ತದೆ. ಕಾರ್ಡನ್ನು ಹೊರತೆಗೆದು, ಗಣಕಯಂತ್ರದಲ್ಲಿ ಸೂಕ್ತ ತಂತ್ರಾಂಶದ ನೆರವಿನಿಂದ ಅದನ್ನು ಮರಳಿ ಪಡೆಯಲು ಯತ್ನಿಸಬಹುದು.

ಆದರೂ ಕಳೆದುದನ್ನು ಹುಡುಕುವುದಕ್ಕಿಂತ ಕಳೆಯದಂತೆ ಕಾಯುವುದೇ ಲೇಸು. ಅಂದಿನ ಚಿತ್ರಗಳನ್ನು ಅಂದೇ ಎರಡು ಬೇರೆ ಸ್ಥಳಗಳಲ್ಲಿ ಪ್ರತಿ ಮಾಡಿ ಇರಿಸುವುದು ಕಾಯಕದ ಒಂದು ಅಂಗವೇ ಆಗಬೇಕು.